ಡಿಸ್ಕ್ರೀಟ್ ಎಂದರೆ ಬಿಡಿ

ಸಾಫ್ಟ್‌ವೇರ್ ಎಂಜಿನಿಯರಿಂಗ್ ಪದವಿಯ ಮೊದಲ ವರ್ಷದ ವಿಷಯಪಟ್ಟಿಯೊಂದರ ಕನ್ನಡ ಅನುವಾದ ಮೊನ್ನೆ ಕಣ್ಣಿಗೆ ಬಿತ್ತು. ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಕಂಪ್ಯೂಟರ್ ರಚನೆ, ಎಲ್ಲ ಸರಿಯಾಗಿತ್ತು. ನಡುವೆ ‘ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್’ ಎಂಬುದಕ್ಕೆ ಬರೆದಿದ್ದ ಒಂದು ಸಾಲು: ‘ವಿವೇಚನಾಯುಕ್ತ ಗಣಿತ’. ಹಾಗಾದರೆ ಉಳಿದ ಗಣಿತವೆಲ್ಲ ವಿವೇಚನೆಯಿಲ್ಲದ್ದೇ? ಇದು ಮೊದಲ ಸಲವೇನಲ್ಲ. ‘ಗೌಪ್ಯ ಗಣಿತ’ ಎಂದು ಬರೆದದ್ದನ್ನೂ ಓದಿದ್ದೇನೆ. ಇನ್ನೇನು ಕಾಲೇಜು ಸೇರಬೇಕಿದ್ದ ಹುಡುಗನೊಬ್ಬ ‘ಅದು ಪಾಸ್‌ವರ್ಡ್, ಸೆಕ್ಯೂರಿಟಿ ಕಡೆಯ ಪೇಪರ್ ಅಲ್ವಾ ಸಾರ್’ ಎಂದು ಕೇಳಿದ್ದೂ ಉಂಟು. ಮೂರನೆಯ ಸಲಕ್ಕೆ ಸುಮ್ಮನಿರಲು ಆಗಲಿಲ್ಲ.

ತಪ್ಪು ಹುಟ್ಟುವ ಜಾಗ ಗೊತ್ತಿರುವಂಥದ್ದೇ. ಇಂಗ್ಲಿಷಿನಲ್ಲಿ ಒಂದೇ ಉಚ್ಚಾರದ ಎರಡು ಪದಗಳಿವೆ. ಹದವರಿತು ನಡೆದುಕೊಳ್ಳುವ, ಎಲ್ಲೆಂದರಲ್ಲಿ ಬಾಯಿಬಿಡದ ಎಂಬುದು ಒಂದರ ಅರ್ಥ. ಬಿಡಿಬಿಡಿಯಾದ, ಒಂದಕ್ಕೊಂದು ಅಂಟಿಕೊಳ್ಳದ ಎಂಬುದು ಇನ್ನೊಂದರ ಅರ್ಥ. ಗಣಿತದ ಪದದ ಕೊನೆಯಲ್ಲಿ ‘ಟಿ’ ಅಕ್ಷರ ಎರಡು ‘ಇ’ಗಳ ನಡುವೆ ನಿಂತು ಅವನ್ನು ಬೇರೆ ಮಾಡುತ್ತದೆ, ಇನ್ನೊಂದರಲ್ಲಿ ‘ಇ’ಗಳೆರಡೂ ಅಕ್ಕಪಕ್ಕ ಕೂತಿರುತ್ತವೆ. ನೆನಪಿಡಲು ಅಷ್ಟು ಗುರುತಾದರೂ ಇತ್ತು. ಕನ್ನಡದಲ್ಲಿ ಬರೆದರೆ ಎರಡೂ ‘ಡಿಸ್ಕ್ರೀಟ್’. ಆ ಗುರುತೂ ಹೋಯಿತು. ಲ್ಯಾಪ್‌ಟಾಪ್ ಕೊಳ್ಳುವವರು ‘ಡಿಸ್ಕ್ರೀಟ್ ಗ್ರಾಫಿಕ್ಸ್ ಕಾರ್ಡ್’ ಇದೆಯೇ ಎಂದು ಕೇಳುತ್ತಾರೆ. ಪ್ರೊಸೆಸರಿನೊಳಗೇ ಸೇರಿಕೊಂಡಿರದೆ ಬೇರೆಯಾಗಿರುವ ಕಾರ್ಡು ಅದು. ಗುಟ್ಟಿನ ಕಾರ್ಡೆಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ಗಣಿತದ ಹೆಸರು ಕೇಳಿದಾಗ ಮಾತ್ರ ಏನಾಗುತ್ತದೋ.

ಇಷ್ಟು ಗೊಣಗಿದ ಮೇಲೆ ಎದುರು ಪಕ್ಷದ ಪರವಾಗಿಯೂ ಒಂದು ಮಾತು ಹೇಳಬೇಕು, ಏಕೆಂದರೆ ಈ ಪದದ ಹುಟ್ಟು ನಿಜಕ್ಕೂ ರುಚಿಯಾಗಿದೆ. ಲ್ಯಾಟಿನ್ನಿನ ‘ಕೆರ್ನೆರೆ’ ಕ್ರಿಯಾಪದಕ್ಕೆ ಜರಡಿ ಹಿಡಿ, ಬೇರ್ಪಡಿಸು ಎಂಬ ಅರ್ಥ. ಅದಕ್ಕೆ ‘ಡಿಸ್’ ಸೇರಿದರೆ ಬೇರೆ ಬೇರೆ ಮಾಡು ಎಂದಾಗುತ್ತದೆ. ಬೇರೆ ಮಾಡಿದ್ದು ‘ಡಿಸ್‌ಕ್ರೇಟುಸ್’. ಇಂಗ್ಲಿಷಿನ ಎರಡು ಪದಗಳೂ ಇದರ ಮಕ್ಕಳೇ. ಒಂದು ಮೂಲದ ಅರ್ಥದಲ್ಲೇ ಉಳಿಯಿತು. ಇನ್ನೊಂದು ಸುತ್ತಾಡಿಕೊಂಡು ಹೋಯಿತು: ಬೇರ್ಪಡಿಸಿ ನೋಡಬಲ್ಲವನು ಒಳ್ಳೆಯದು ಕೆಟ್ಟದ್ದನ್ನು ಬಲ್ಲವನು, ಬಲ್ಲವನು ಎಲ್ಲಿ ಏನು ಆಡಬೇಕೆಂದು ತಿಳಿದವನು, ತಿಳಿದವನು ಬಾಯಿ ಬಿಗಿಹಿಡಿದವನು. ಕಾಗುಣಿತ ಕವಲೊಡೆದದ್ದು ಆಮೇಲೆ.

ಈಗ ಸಂಸ್ಕೃತದ ಕಡೆ ಬನ್ನಿ. ‘ವಿಚ್’ ಎಂಬ ಧಾತುವಿಗೆ ಬೇರ್ಪಡಿಸು ಎಂಬ ಅರ್ಥ, ಅದರಲ್ಲೂ ಕಾಳಿನಿಂದ ಹೊಟ್ಟನ್ನು ಕೇರಿ ಬೇರ್ಪಡಿಸುವುದು. ಮುಂದೆ ‘ವಿ’ ಉಪಸರ್ಗ ಬಂತು. ಬೇರ್ಪಟ್ಟದ್ದು ‘ವಿವಿಕ್ತ’. ಬೇರ್ಪಡಿಸಿ ನೋಡುವ ಬುದ್ಧಿ ‘ವಿವೇಕ’, ಹಾಗೆ ನೋಡುವ ಕೆಲಸ ‘ವಿವೇಚನೆ’. ಅಲ್ಲಿ ಜರಡಿ, ಇಲ್ಲಿ ಮೊರ. ಧಾತುಗಳು ಒಂದೇ ಅಲ್ಲ, ಆದರೂ ಎರಡು ಭಾಷೆಗಳೂ ಕಣದಿಂದ ಹೊರಟು ಒಂದೇ ಥರದ ಕವಲು ದಾರಿಗೆ ಬಂದು ನಿಂತಿವೆ. ‘ವಿವೇಚನಾಯುಕ್ತ ಗಣಿತ’ ಎಂದು ಬರೆದವರು ಸರಿಯಾದ ಮನೆಗೇ ಹೋಗಿದ್ದಾರೆ, ತಟ್ಟಿದ ಬಾಗಿಲು ಮಾತ್ರ ತಪ್ಪು. ‘ಗೌಪ್ಯ’ ಎಂದವರೂ ಪೂರ್ತಿ ಹೊರಗಿನವರಲ್ಲ: ‘ಸೀಕ್ರೆಟ್’ ಕೂಡ ಅದೇ ಕೆರ್ನೆರೆಯಿಂದ ಬಂದದ್ದು, ಬೇರೆಯಾಗಿ ತೆಗೆದಿಟ್ಟದ್ದು ಎಂಬ ಅರ್ಥದಲ್ಲಿ. ಹಾಗೆಂದು ಅವರನ್ನು ಬಿಟ್ಟುಬಿಡಬೇಕಾಗಿಲ್ಲ. ನೆಂಟಸ್ತನ ಇದೆಯೆಂದು ಚಿಕ್ಕಪ್ಪನ ಹೆಸರಿನಲ್ಲಿ ಅಣ್ಣನನ್ನು ಕರೆಯುತ್ತೇವೆಯೇ?

ಗ್ರೀಕಿನಿಂದ ಬಂದ ‘ಕ್ರೈಸಿಸ್’, ಅಂದರೆ ಬಿಕ್ಕಟ್ಟು, ಇದೇ ಬಳಗಕ್ಕೆ ಸೇರಿದ್ದು. ಅಲ್ಲಿ ಅದು ತೀರ್ಮಾನದ ಗಳಿಗೆ. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರನ್ನು ಬಳಕೆಗೆ ತಂದದ್ದು 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೋ ಪ್ರಾಯೋಜಿತ ಸಮ್ಮೇಳನ. ಅಲ್ಲಿಂದ ಹೊರಬಿದ್ದ ಇನ್ನೊಂದು ಮಾತು ‘ಸಾಫ್ಟ್‌ವೇರ್ ಕ್ರೈಸಿಸ್’. ಈ ಪದವಿಗೂ ಜರಡಿಗೂ ನಂಟು ಹಳೆಯದು ಎಂದುಕೊಳ್ಳೋಣ.

ಕನ್ನಡದಲ್ಲಿ ಸಲ್ಲುವ ಪದ ‘ವಿವಿಕ್ತ ಗಣಿತ’. ಗೀತೆಯ 13ನೆಯ ಅಧ್ಯಾಯದ ‘ವಿವಿಕ್ತದೇಶಸೇವಿತ್ವಂ’ ಕೇಳಿದವರಿಗೆ ವಿವಿಕ್ತವೆಂದರೆ ಏಕಾಂತ ಎಂದು ನೆನಪಾಗುತ್ತದೆ. ಅದೂ ಸರಿಯೇ, ಜನರಿಂದ ಬೇರ್ಪಟ್ಟ ಜಾಗ. ಆದರೆ ಏಕಾಂತದಲ್ಲಿ ಕೂತು ಮಾಡುವ ಗಣಿತವೆಂದು ಯಾರಾದರೂ ಹೊಸ ಅರ್ಥ ಹೊರಡಿಸುವ ಮೊದಲು ಅಚ್ಚಗನ್ನಡದಲ್ಲಿ ಹೇಳಿಬಿಡುತ್ತೇನೆ: ಡಿಸ್ಕ್ರೀಟ್ ಎಂದರೆ ಬಿಡಿ. ‘ಇಡಿ’ ಅಲ್ಲದ್ದು.

ನೀರು ಎಷ್ಟಿದೆ? ಕುರ್ಚಿ ಎಷ್ಟಿವೆ? ಕನ್ನಡ ಎರಡಕ್ಕೂ ‘ಎಷ್ಟು’ ಎಂದೇ ಕೇಳುತ್ತದೆ, ಉತ್ತರ ಹುಡುಕುವ ಕ್ರಮ ಮಾತ್ರ ಬೇರೆ. ನೀರನ್ನು ಅಳೆಯಬೇಕು, ಕುರ್ಚಿಯನ್ನು ಎಣಿಸಬೇಕು. ಎರಡು ಲೀಟರಿಗೂ ಮೂರು ಲೀಟರಿಗೂ ನಡುವೆ ಎಷ್ಟು ಬೇಕಾದರೂ ಅಳತೆಗಳು ಸಿಗುತ್ತವೆ; ಎರಡು ಕುರ್ಚಿಗೂ ಮೂರು ಕುರ್ಚಿಗೂ ನಡುವೆ ಏನೂ ಇಲ್ಲ. ಅಳತೆಯ ಲೋಕಕ್ಕೆ ಕಲನಶಾಸ್ತ್ರ, ಎಣಿಕೆಯ ಲೋಕಕ್ಕೆ ವಿವಿಕ್ತ ಗಣಿತ. ‘ಗಣಿತ’ ಎಂಬ ಪದದ ಬೇರಿನಲ್ಲೇ ಎಣಿಸುವುದು ಇದೆಯಾದ್ದರಿಂದ ನಿಜಕ್ಕೂ ವಿಶೇಷಣ ಬೇಕಾದದ್ದು ಕಲನಕ್ಕೆ. ತಮಾಷೆಯೆಂದರೆ ಆ ಕಲನದ ಇಂಗ್ಲಿಷ್ ಹೆಸರು ‘ಕ್ಯಾಲ್ಕ್ಯುಲಸ್’ ಲ್ಯಾಟಿನ್ನಿನಲ್ಲಿ ಎಣಿಕೆಗೆ ಬಳಸುವ ಸಣ್ಣ ಕಲ್ಲು, ಅಂದರೆ ಅಪ್ಪಟ ಬಿಡಿ ವಸ್ತು. ಇನ್ನು ಬಿಡಿ ಎಂದರೆ ಸೀಮಿತವೆಂದು ತಿಳಿಯುವವರಿದ್ದಾರೆ. ಒಂದು, ಎರಡು, ಮೂರು ಎಂಬ ಸಾಲಿಗೆ ಕೊನೆಯಿಲ್ಲ, ಆದರೂ ಅದು ಬಿಡಿಯೇ.

ಮೊದಲ ವರ್ಷದಲ್ಲೇ ಇದೇಕೆ? ‘ಕೋಡಿಂಗ್ ಕಲಿಸುವುದು ಬಿಟ್ಟು ಗಣ, ತರ್ಕ ಅಂತ ಕೂರಿಸುತ್ತಾರೆ’ ಎಂಬ ದೂರು ಪ್ರತಿ ವರ್ಷದ್ದು. ಕಂಪ್ಯೂಟರ್ ತಜ್ಞರ ಸಂಘಗಳಾದ ಎ.ಸಿ.ಎಂ. ಮತ್ತು ಐ.ಇ.ಇ.ಇ. ಕಂಪ್ಯೂಟರ್ ಸೊಸೈಟಿ ಸೇರಿ 2004ರಲ್ಲಿ ಹೊರತಂದು 2014ರಲ್ಲಿ ಪರಿಷ್ಕರಿಸಿದ ಮಾದರಿ ಪಠ್ಯಕ್ರಮದಲ್ಲಿ ಇದು ಬುನಾದಿಯ ಭಾಗ. ಆದರೆ ಸಮಿತಿ ಹೇಳಿತು ಎಂಬುದು ಕಾರಣವಲ್ಲ. ಸೇತುವೆಯ ಮೇಲೆ ಹತ್ತು ಟನ್ನಿನ ಲಾರಿ ದಾಟಿದರೆ ಅಂಥದೇ ಒಂಬತ್ತು ಟನ್ನಿನದೂ ದಾಟುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಭಾರ ತುಸು ಬದಲಾದರೆ ಬಾಗುವುದೂ ತುಸುವೇ ಬದಲಾಗುತ್ತದೆ. ಪ್ರೋಗ್ರಾಮಿಗೆ ಆ ದಾಕ್ಷಿಣ್ಯವಿಲ್ಲ. ಅದು 9ಕ್ಕೂ 11ಕ್ಕೂ ಸರಿಯುತ್ತರ ಕೊಟ್ಟು 10ಕ್ಕೆ ಕುಸಿದು ಬೀಳಬಹುದು. 32 ಬಿಟ್‌ನ (ಅಂದರೆ 32 ಸೊನ್ನೆ-ಒಂದುಗಳಲ್ಲಿ ಬರೆದ) ಚಿಹ್ನೆಸಹಿತ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647ಕ್ಕೆ ಒಂದು ಕೂಡಿಸಿದರೆ ಅನೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಿಗುವುದು ಋಣ 2,14,74,83,648. ಮೆಟ್ಟಿಲ ತುದಿಯಿಂದ ಇನ್ನೊಂದು ಹೆಜ್ಜೆ ಇಟ್ಟರೆ ನೇರ ಪಾತಾಳ.

ಪರೀಕ್ಷಿಸಿ ನೋಡಿದರಾಯಿತು ಎನ್ನುವವರು ಒಂದು ಸೆಟ್ಟಿಂಗ್ಸ್ ಪುಟ ತೆರೆಯಲಿ. ಆನ್-ಆಫ್ ಮಾಡುವ 30 ಗುಂಡಿಗಳಿವೆ ಎಂದುಕೊಳ್ಳಿ. ಒಟ್ಟು ಜೋಡಣೆಗಳು 1,07,37,41,824. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಪರೀಕ್ಷಿಸಿದರೆ 34 ವರ್ಷ ಬೇಕು. ಈ ಲೆಕ್ಕ ಮಾಡುವುದು, ಆಮೇಲೆ ಅಷ್ಟನ್ನೂ ಮುಟ್ಟದೆ ಪ್ರೋಗ್ರಾಮು ಸರಿಯಿದೆಯೆಂದು ತೋರಿಸುವ ದಾರಿ ಹುಡುಕುವುದು, ಎರಡೂ ಈ ಪೇಪರಿನ ಪಾಠಗಳೇ.

ಬಿಡಿಯ ಲೋಕದೊಳಗೆ ಇಡಿಯನ್ನು ತುರುಕಿದಾಗ ಆಗುವ ಫಜೀತಿ ಬೇರೆ. ಮೊದಲ ತಿಂಗಳಲ್ಲೇ ವಿದ್ಯಾರ್ಥಿ 0.1ಕ್ಕೆ 0.2 ಕೂಡಿಸಿ ನೋಡುತ್ತಾನೆ. ತೆರೆಯ ಮೇಲೆ 0.30000000000000004 ಎಂದು ಬರುತ್ತದೆ. ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಮೂರರಲ್ಲೊಂದನ್ನು ದಶಮಾಂಶದಲ್ಲಿ ಬರೆಯ ಹೊರಟರೆ 0.333 ಎಂದು ಮುಗಿಯದೇ ಹೋಗುವಂತೆ, ಹತ್ತರಲ್ಲೊಂದನ್ನು ಕಂಪ್ಯೂಟರ್ ಬಳಸುವ ಎರಡರ ಪದ್ಧತಿಯಲ್ಲಿ (ಸೊನ್ನೆ, ಒಂದು ಮಾತ್ರ) ಬರೆದರೂ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಇದನ್ನು ಪುಟಾಣಿ ವಿಚಿತ್ರವೆಂದು ನಕ್ಕು ಮುಂದೆ ಹೋಗುವವರಿಗೆ 1991ರ ಫೆಬ್ರವರಿ 25ರ ಕಥೆ ಹೇಳಬೇಕು. ಸೌದಿ ಅರೇಬಿಯಾದ ಧಹರಾನ್‌ನಲ್ಲಿದ್ದ ಶತ್ರು ಕ್ಷಿಪಣಿಗಳನ್ನು ತಡೆಯುವ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು ಎಣಿಸುತ್ತಿತ್ತು. ಎಣಿಕೆ ಸರಿಯಾಗಿಯೇ ಇತ್ತು. ಅದನ್ನು ಸೆಕೆಂಡಿಗೆ ತಿರುಗಿಸುವಾಗ ಗುಣಿಸುತ್ತಿದ್ದ 0.1 ಮಾತ್ರ 24 ಬಿಟ್‌ಗಳಿಗೆ ಕತ್ತರಿಸಿದ್ದು. ಯಂತ್ರ ಸುಮಾರು 100 ಗಂಟೆ ನಿಲ್ಲದೆ ಓಡಿದ್ದರಿಂದ ತಪ್ಪು ಬೆಳೆದು 0.34 ಸೆಕೆಂಡಾಯಿತು. ಅಷ್ಟರಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ತಡೆಯಬೇಕಾದದ್ದು ತಪ್ಪಿತು, 28 ಸೈನಿಕರು ಸತ್ತರು.

ತರ್ಕದ ಪಾಠದ ಬಗ್ಗೆ ನನಗೊಂದು ಹಟವಿದೆ: ಅದನ್ನು ಕನ್ನಡದಲ್ಲೇ ಶುರುಮಾಡಬೇಕು. ‘ರಸೀತಿ ತಂದರೆ ಹಣ ವಾಪಸ್’ ಎಂಬ ವಾಕ್ಯ ನೋಡಿ. ತರದಿದ್ದರೆ ಏನು? ವಾಕ್ಯ ಏನನ್ನೂ ಹೇಳಿಲ್ಲ, ಕೊಟ್ಟರೂ ಕೊಡಬಹುದು. ನೂರಕ್ಕೆ ತೊಂಬತ್ತು ಮಂದಿ ‘ಕೊಡುವುದಿಲ್ಲ’ ಎಂದೇ ಓದಿಕೊಳ್ಳುತ್ತಾರೆ ಎಂದು ಪಣ ಕಟ್ಟುತ್ತೇನೆ. ‘ತಂದರೆ ಮಾತ್ರ’ ಎಂದರೆ ಅರ್ಥ ತಿರುಗಿತು: ಈಗ ತರದವನಿಗಿಲ್ಲ ಎಂಬುದು ಖಚಿತ, ತಂದವನಿಗೆ ಸಿಕ್ಕೇ ಸಿಗುತ್ತದೆ ಎಂಬ ಮಾತಿಲ್ಲ. ‘ತಂದರೂ’ ಎಂದು ಕೊನೆಯ ಸ್ವರ ಬದಲಿಸಿದರೆ ರಸೀತಿಗೆ ಬೆಲೆಯೇ ಉಳಿಯಲಿಲ್ಲ. ಎರಡು ಪ್ರತ್ಯಯ, ಒಂದು ‘ಮಾತ್ರ’, ಮೂರು ಬೇರೆ ಬೇರೆ ಪ್ರೋಗ್ರಾಮುಗಳು. ‘ಅಥವಾ’ದ ಕಥೆಯೂ ಇಷ್ಟೇ. ‘ಕಾಫಿ ಅಥವಾ ಟೀ’ ಎಂದು ಕೇಳಿದರೆ ಎರಡರಲ್ಲೊಂದು. ಪ್ರೋಗ್ರಾಮಿನ ‘ಅಥವಾ’ ಎರಡೂ ಇದ್ದರೂ ಹೌದೆನ್ನುತ್ತದೆ. ಗಿರಾಕಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು ಬಂದು ಕೋಡ್ ಮಾಡುವವನಿಗೆ ಇದಕ್ಕಿಂತ ಹತ್ತಿರದ ಗಣಿತ ಯಾವುದಿದೆ? 19ನೆಯ ಶತಮಾನದಲ್ಲಿ ಗಣಿತಜ್ಞ ಜಾರ್ಜ್ ಬೂಲ್ ಇಂಥ ಮಾತುಗಳನ್ನು ಬೀಜಗಣಿತವಾಗಿಸಿದರು. 1937ರಲ್ಲಿ ಕ್ಲಾಡ್ ಶಾನನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಅದನ್ನೇ ವಿದ್ಯುತ್ ಸ್ವಿಚ್ಚುಗಳಿಗೆ ಹೊಂದಿಸಿದರು.

ಪೇಪರಿನ ಉಳಿದ ಭಾಗ ಹೆಸರಿಸಿದರೆ ಸಾಕು: ಗಣಗಳು, ಸಂಬಂಧಗಳು, ಕ್ರಮಯೋಜನೆ ಮತ್ತು ವಿಕಲ್ಪ, ಗಣಿತೀಯ ಅನುಗಮನ, ಗ್ರಾಫ್. ಈ ಗ್ರಾಫ್ ಏರಿಳಿತ ತೋರಿಸುವ ಗೆರೆನಕ್ಷೆ ಅಲ್ಲ, ಚುಕ್ಕೆಗಳನ್ನು ಗೆರೆಗಳಿಂದ ಸೇರಿಸಿದ ಜಾಲ. 1736ರಲ್ಲಿ ಗಣಿತಜ್ಞ ಆಯ್ಲರ್ ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಒಗಟಿಗೆ (ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ?) ಉತ್ತರ ಹೇಳಿದ್ದರಿಂದ ಶುರುವಾದದ್ದು. ಪಾರಿವಾಳದ ಗೂಡಿನ ತತ್ವವೆಂಬ ಒಂದು ಸಾಲಿನ ಸತ್ಯವೂ ಇಲ್ಲೇ ಬರುತ್ತದೆ. ಗೂಡಿಗಿಂತ ಪಾರಿವಾಳ ಹೆಚ್ಚಿದ್ದರೆ ಯಾವುದೋ ಗೂಡಿನಲ್ಲಿ ಎರಡಾದರೂ ಇರಲೇಬೇಕು. 367 ಜನ ಸೇರಿದ ಕಡೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರಲೇಬೇಕು, ಯಾರನ್ನೂ ಕೇಳಬೇಕಾಗಿಲ್ಲ.

ಹೆಸರಿನ ವಿಷಯಕ್ಕೆ ಮರಳಿದರೆ, ‘ವಿವಿಕ್ತ’ ಬಾಯಿಗೆ ಬಾರದವರು ‘ಬಿಡಿ ಗಣಿತ’ ಎನ್ನಬಹುದು ಎಂದು ಹಿಂದೊಮ್ಮೆ ಸಲಹೆ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ಓದಿದವರೊಬ್ಬರು ‘ಗಣಿತ ಬಿಡಿ ಅಂತೀರಾ?’ ಎಂದು ಕೇಳಿದರು. ಆಗಿನಿಂದ ನಾನದನ್ನು ‘ಬಿಡಿಗಣಿತ’ ಎಂದು ಜೋಡಿಸಿ ಬರೆಯುತ್ತಿದ್ದೇನೆ.