ಬಿಟ್‌ಕಾಯಿನ್‌ನಲ್ಲಿ ದೇಣಿಗೆ ಪಡೆದರೆ ಸರ್ಕಾರ ಅದನ್ನು ಒಪ್ಪಿಕೊಂಡ ಹಾಗೇನಾ?

ಪ್ರಶ್ನೆ: ಯುದ್ಧ ಶುರುವಾದಾಗ ಉಕ್ರೇನ್ ಸರ್ಕಾರವೇ ಬಿಟ್‌ಕಾಯಿನ್ ದೇಣಿಗೆ ಕೇಳಿತ್ತಲ್ಲ? ಅಂದ್ಮೇಲೆ ಒಂದು ದೇಶ ಕ್ರಿಪ್ಟೋವನ್ನು (ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳನ್ನು) ಹಣ ಅಂತ ಒಪ್ಪಿಕೊಂಡ ಹಾಗಾಯ್ತು, ಅಲ್ವಾ?

ಇಲ್ಲ. ಕೇಳಿದ್ದು ಮಾತ್ರ ನಿಜ.

ರಷ್ಯಾ ದಾಳಿ ಶುರು ಮಾಡಿದ್ದು 2022ರ ಫೆಬ್ರವರಿ 24ಕ್ಕೆ. ಎರಡೇ ದಿನಕ್ಕೆ ಉಕ್ರೇನಿನ ಅಧಿಕೃತ ಟ್ವಿಟರ್ ಖಾತೆಯಲ್ಲಿ ಬಿಟ್‌ಕಾಯಿನ್ ಮತ್ತು ಈಥರ್ ಎಂಬ ಇನ್ನೊಂದು ಕ್ರಿಪ್ಟೋ ಕಳಿಸಲು ಬೇಕಾದ ವ್ಯಾಲೆಟ್ ವಿಳಾಸಗಳು (ಬ್ಯಾಂಕ್ ಖಾತೆ ಸಂಖ್ಯೆಯಂಥವು) ಬಂದವು. ಅವತ್ತು ಶನಿವಾರ. ಬ್ಯಾಂಕಿನಿಂದ ಬ್ಯಾಂಕಿಗೆ ಹೊರದೇಶದ ಹಣ ತಲುಪಲು ಸೋಮವಾರದವರೆಗೆ ಕಾಯಬೇಕು. ಕ್ರಿಪ್ಟೋಗೆ ರಜಾ ಇಲ್ಲ. ಊರಿನ ಮೇಲೆ ಕ್ಷಿಪಣಿ ಬೀಳುತ್ತಿರುವಾಗ ಆ ಎರಡು ದಿನ ಎಷ್ಟು ದೊಡ್ಡದು ಯೋಚಿಸಿ. ಹಾಗಾಗಿ ಆ ನಿರ್ಧಾರ ಸರಿಯಾಗೇ ಇತ್ತು ಅನ್ನುತ್ತೇನೆ.

ಆದರೆ ಬಂದ ಕಾಯಿನ್ ಏನಾಯ್ತು ಅಂತ ನೋಡಿ. ಮಾರ್ಚ್‌ನಲ್ಲಿ ಶುರುವಾದ 'ಏಡ್ ಫಾರ್ ಉಕ್ರೇನ್' ನಿಧಿಯಲ್ಲಿ ದೇಣಿಗೆಯನ್ನು ಮಾಮೂಲಿ ಹಣವಾಗಿ ಬದಲಿಸಿ ಉಕ್ರೇನಿನ ಕೇಂದ್ರ ಬ್ಯಾಂಕಿಗೆ ಕಳಿಸುವ ಏರ್ಪಾಡಿತ್ತು. ಗುಂಡು ನಿರೋಧಕ ಜಾಕೆಟ್, ಹೆಲ್ಮೆಟ್, ಔಷಧಿ ಕೊಳ್ಳಲು ಅದು ಬಳಕೆಯಾಯ್ತು. ಕೆಲವು ಮಾರಾಟಗಾರರು ನೇರವಾಗಿ ಕ್ರಿಪ್ಟೋ ತೆಗೆದುಕೊಂಡದ್ದೂ ಉಂಟು. ಅದು ಆ ಮಾರಾಟಗಾರರ ಇಷ್ಟ. ಉಕ್ರೇನಿನ ಅಂಗಡಿಯವನು ಬಿಟ್‌ಕಾಯಿನ್ ತಗೋಳಲೇಬೇಕು ಅಂತ ಯಾರೂ ಹೇಳಲಿಲ್ಲ.

ಹಾಗೆ ಹೇಳಿದ ದೇಶ ಎಲ್ ಸಾಲ್ವಡಾರ್. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬಿಟ್‌ಕಾಯಿನ್ ಕಾನೂನುಬದ್ಧ ಹಣವಾಯ್ತು. ವ್ಯಾಪಾರಿಗಳು ತಗೋಬೇಕು, ತೆರಿಗೆಯನ್ನೂ ಅದರಲ್ಲೇ ಕಟ್ಟಬಹುದು ಅಂತ ಕಾನೂನೇ ಬಂತು. 2025ರ ಜನವರಿಯಲ್ಲಿ ತಿದ್ದುಪಡಿ ತಂದು ಆ ಕಡ್ಡಾಯವನ್ನು ಕೈಬಿಟ್ಟರು, ಆ ಮಾತು ಬೇರೆ.

ಒಂದು ಗೊಂದಲ ಉಳಿಯುತ್ತದೆ. ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ 2022ರ ಮಾರ್ಚ್ 16ರಂದು ಕ್ರಿಪ್ಟೋ ಕಾನೂನಿಗೆ ಸಹಿ ಹಾಕಿದ್ದರಿಂದ 'ಉಕ್ರೇನ್ ಒಪ್ಪಿಕೊಂಡೇ ಬಿಟ್ಟಿತು' ಎಂಬ ಸುದ್ದಿ ಜಾಸ್ತಿ ಹಬ್ಬಿತು. ಆ ಕಾನೂನು ಕ್ರಿಪ್ಟೋವನ್ನು ಒಂದು ಆಸ್ತಿಯಾಗಿ ನೋಡುತ್ತದೆ, ಹಣವಾಗಿ ಅಲ್ಲ. ತೆರಿಗೆ ನಿಯಮ ತಿದ್ದುವವರೆಗೆ ಅದು ಜಾರಿಗೂ ಬರುವಂತಿರಲಿಲ್ಲ. ದೇಶದ ಹಣ ಹ್ರಿವ್ನಿಯಾ ಅಂತ ಅಲ್ಲಿನ ಸಂವಿಧಾನದ 99ನೇ ವಿಧಿಯಲ್ಲೇ ಇದೆ. ಏಪ್ರಿಲ್‌ನಲ್ಲಂತೂ ಹಣ ದೇಶದಿಂದ ಹೊರಗೆ ಹರಿದುಹೋಗದಿರಲಿ ಅಂತ ಅದೇ ಕೇಂದ್ರ ಬ್ಯಾಂಕು ಹ್ರಿವ್ನಿಯಾ ಕೊಟ್ಟು ಕ್ರಿಪ್ಟೋ ಕೊಳ್ಳುವುದಕ್ಕೇ ಕಡಿವಾಣ ಹಾಕಿತು.