ಗೋಡೆಯ ಬೂಷ್ಟಿಗೆ ಯಾವ ಪೇಂಟ್ ಒಳ್ಳೆಯದು?

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಹಳೆಯ ಹಂಚಿನ ಮನೆ. ಮುರಕಲ್ಲಿನ ಗೋಡೆ, ಸಮುದ್ರಕ್ಕೆ ಒಂದು ಕಿಲೋಮೀಟರ್ ಇರಬಹುದು. ಪ್ರತಿ ಮಳೆಗಾಲ ಪಡು ಬದಿಯ ಕೋಣೆಯ ಗೋಡೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಮೂರು ವರ್ಷದಲ್ಲಿ ಎರಡು ಸಲ ಪೇಂಟ್ ಮಾಡಿಸಿಯಾಯಿತು. ಬೂಷ್ಟು ಬರದ ಹಾಗೆ ಯಾವ ಪೇಂಟ್ ಹೊಡೆಸಬೇಕು? ಇಲ್ಲ, ಬೂಷ್ಟು ತೆಗೆಯುವ ಕಂಪನಿಯವರನ್ನೇ ಕರೆಸುವುದು ವಾಸಿಯೇ?

ಯಾವ ಪೇಂಟೂ ಬೇಡ.

ಜೂನ್ ಕಾಲಿಟ್ಟಿತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ. ಊರು ಬೈಂದೂರೋ ಸುರತ್ಕಲ್ಲೋ ಕುಮಟವೋ, ಮನೆ ಅಜ್ಜ ಕಟ್ಟಿಸಿದ್ದೋ ಮುತ್ತಜ್ಜನದ್ದೋ, ಇಷ್ಟೇ ವ್ಯತ್ಯಾಸ. ಕೊನೆಯ ಸಾಲು ಬದಲಾಗುವುದೇ ಇಲ್ಲ: ಯಾವ ಪೇಂಟ್? ಫೋನಿನಲ್ಲಿ ಎರಡು ನಿಮಿಷ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ, ಪೂರ್ತಿ ಓದಿ.

ಬೂಷ್ಟಿನ ಬೀಜಕಣ ಗಾಳಿಯಲ್ಲಿ ಯಾವಾಗಲೂ ಇರುತ್ತದೆ. ನಿಮ್ಮ ಮನೆಯಲ್ಲೂ ಇದೆ, ನನ್ನ ಮನೆಯಲ್ಲೂ ಇದೆ, ಬೇಸಿಗೆಯಲ್ಲೂ ಇದೆ. ಅದಕ್ಕೆ ತಿನ್ನಲು ಧೂಳು, ಮರ, ಕಾಗದ, ಅಂಟು ಏನಿದ್ದರೂ ಸಾಕು. ಇವು ಯಾವ ಮನೆಯಲ್ಲಿ ಇಲ್ಲ? ಕಡಿಮೆ ಬೀಳುವುದು ನೀರು ಒಂದೇ. ಗೋಡೆಯ ಮೈಗೆ ತಾಗಿದ ಗಾಳಿಯ ತೇವಾಂಶ ಶೇಕಡಾ 80 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ಪೂರ್ತಿ ಒದ್ದೆಯಾದ ವಸ್ತುವಿನ ಮೇಲಾದರೆ ಒಂದೆರಡು ದಿನ ಸಾಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನೀರು ಎಲ್ಲಿಂದ ಬರುತ್ತಿದೆ, ಯಾಕೆ ಹೊರಗೆ ಹೋಗುತ್ತಿಲ್ಲ?

ಈಗ ಪೇಂಟಿನ ವಿಷಯ. ಅಂಗಡಿಯವರು ಹೇಳುವ ಫಂಗಸ್ ನಿರೋಧಕ ಪೇಂಟ್ ಸುಳ್ಳೇನಲ್ಲ. ಅದರಲ್ಲಿ ಬೂಷ್ಟು ಕೊಲ್ಲುವ ರಾಸಾಯನಿಕ ನಿಜಕ್ಕೂ ಇದೆ. ಆದರೆ ಅದು ಇರುವುದು ಕೂದಲೆಳೆ ದಪ್ಪದ ಆ ಪೊರೆಯಲ್ಲಿ ಮಾತ್ರ. ವರ್ಷ ಕಳೆದಂತೆ ಅದರ ಶಕ್ತಿ ಇಳಿಯುತ್ತದೆ, ಮೇಲೆ ಧೂಳು ಕೂರುತ್ತದೆ, ಬೂಷ್ಟು ಆ ಧೂಳಿನ ಮೇಲೆ ಬೆಳೆಯುತ್ತದೆ. ಹೊಸ ಕಾಂಕ್ರೀಟ್ ಮನೆಯ ಒಣ ಗೋಡೆಗೆ ಅದು ಸರಿ. ಮುರಕಲ್ಲಿನ ಗೋಡೆಯ ಸ್ವಭಾವವೇ ಬೇರೆ.

ಮುರಕಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಮೈಯೆಲ್ಲ ತೂತು. ಅದು ನೀರು ಕುಡಿಯುತ್ತದೆ, ಆಮೇಲೆ ನಿಧಾನವಾಗಿ ಬಿಡುತ್ತದೆ. ಹಿಂದಿನವರು ಅದಕ್ಕೆ ಚಿಪ್ಪಿನ ಸುಣ್ಣದ ಗಾರೆ ಮಾಡಿ, ಮೇಲೆ ಸುಣ್ಣ ಬಳಿಯುತ್ತಿದ್ದರು. ಗಾರೆಯೂ ಉಸಿರಾಡುತ್ತದೆ, ಸುಣ್ಣವೂ ಉಸಿರಾಡುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಗೋಡೆ ಬೇಸಿಗೆಯಲ್ಲಿ ಎರಡೂ ಮುಖದಿಂದ ಬಿಟ್ಟುಬಿಡುತ್ತಿತ್ತು. ದಪ್ಪ ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಎಂಬುದು ಕೆಲಸದವರ ಒರಟು ಲೆಕ್ಕ. 9 ಇಂಚಿನ ಗೋಡೆಗೆ 9 ತಿಂಗಳಾಯಿತು. ನಮಗೆ ಸಿಗುವ ಒಣ ಕಾಲ ನವೆಂಬರ್‌ನಿಂದ ಮೇ ತನಕ, 7 ತಿಂಗಳು. ಅಂದರೆ ಎಲ್ಲವೂ ಸರಿಯಿದ್ದಾಗಲೂ ಈ ಗೋಡೆ ಅಷ್ಟರಲ್ಲಿ ಹೇಗೋ ಬಹುಪಾಲು ಒಣಗುವಂಥದ್ದು, ಕೈಯಲ್ಲಿ ಸಮಯ ಉಳಿಯುವುದಿಲ್ಲ. ಅದರ ಒಂದು ಮುಖಕ್ಕೆ ಸಿಮೆಂಟ್ ಸಾರಣೆ, ಇನ್ನೊಂದಕ್ಕೆ ಪ್ಲಾಸ್ಟಿಕ್ ಪೇಂಟ್ ಮೆತ್ತಿದರೆ? ಒಣಗುವ ಮೊದಲೇ ಮುಂದಿನ ಮಳೆ ಬಂದು ಕೂರುತ್ತದೆ. ವರ್ಷದಿಂದ ವರ್ಷಕ್ಕೆ ನೀರು ಸೇರುತ್ತಲೇ ಹೋಗುತ್ತದೆ.

ಕುಂದಾಪುರದ ಆಚೆ ಒಂದು ಮನೆಗೆ ಕಳೆದ ಸೆಪ್ಟೆಂಬರ್‌ನಲ್ಲಿ ಹೋಗಿದ್ದೆ. ಪಡು ಗೋಡೆಗೆ ವರ್ಷಕ್ಕೊಮ್ಮೆಯಂತೆ ಪೇಂಟ್ ಆಗಿತ್ತು, ಕೊನೆಯದು ಚೌತಿಗೆ ಹತ್ತು ದಿನ ಮೊದಲು. ಮೊಣಕಾಲೆತ್ತರದಲ್ಲಿ ಒಂದು ಉಬ್ಬು ಇತ್ತು, ಒತ್ತಿದರೆ ಮೆತ್ತಗೆ. ಬ್ಲೇಡಿನಿಂದ ಗೀರಿದೆ. ನೀರು ಸಣ್ಣ ಗೆರೆಯಾಗಿ ಇಳಿದು ನೆಲ ಮುಟ್ಟಿತು. ತುದಿ ಹಿಡಿದು ಎಳೆದರೆ ಬಾಳೆಯ ರೆಂಬೆಯಿಂದ ಸಿಪ್ಪೆ ಸುಲಿದ ಹಾಗೆ ಎರಡು ಅಡಿ ಉದ್ದಕ್ಕೆ ಕಿತ್ತು ಬಂತು. ಕೆನೆ ಬಣ್ಣ, ಅದರ ಹಿಂದೆ ಹಸಿರು, ಅದರ ಹಿಂದೆ ಗುಲಾಬಿ. ಪ್ರತಿ ಎರಡು ಪದರದ ನಡುವೆ ಕಪ್ಪು ಮಸಿಯಂತೆ ಬೂಷ್ಟು. ಪುಟ್ಟಿಯಂತೂ ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು. ಎಲ್ಲ ಕೆರೆದು ಕೊನೆಯ ಹಳೆಯ ಸುಣ್ಣದ ಪದರ ಕಂಡಾಗ ಮನೆಯ ಅಮ್ಮ ಹತ್ತಿರ ಬಂದು ಬೆರಳಿನಿಂದ ಮುಟ್ಟಿ ನೋಡಿದರು. ಒದ್ದೆಯಿತ್ತು, ಆದರೆ ಬೆಳ್ಳಗಿತ್ತು. ಅದರ ಮೇಲೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.

ಇದಕ್ಕೆ ಕಾರಣ ಸರಳ. ಹಸಿ ಸುಣ್ಣದ ಕ್ಷಾರ ಬೂಷ್ಟಿಗೆ ಆಗದು, ಅದರ ಪಿಎಚ್ 12ಕ್ಕೂ ಮೇಲೆ. ಕಾಲ ಕಳೆದಂತೆ ಗಾಳಿಯ ಸಂಪರ್ಕದಿಂದ ಆ ಕ್ಷಾರ ತಗ್ಗುತ್ತದೆ, ಅದಕ್ಕೇ ವರ್ಷ ವರ್ಷ ಬಳಿಯಬೇಕು. ಹಬ್ಬಕ್ಕೆ ಸುಣ್ಣ ಬಳಿಯುವುದು ಬರೀ ಚಂದಕ್ಕೆ ಎಂದು ತಿಳಿದು ನಾವು ಬಿಟ್ಟೆವು. ಸುಣ್ಣದಲ್ಲಿ ಬೂಷ್ಟಿಗೆ ತಿನ್ನಲು ಏನೂ ಇಲ್ಲ. ಪೇಂಟಿಗೂ ಪುಟ್ಟಿಗೂ ಹದ ಬರಲು ಸೆಲ್ಯುಲೋಸ್ ಮೂಲದ ಅಂಟು ಸೇರಿಸುತ್ತಾರೆ. ಒದ್ದೆಯಾದ ಮೇಲೆ ಆ ಅಂಟೇ ಬೂಷ್ಟಿನ ಊಟ. ಅಂದರೆ ಬೂಷ್ಟು ಮುಚ್ಚಲು ಹೊಡೆದ ಪ್ರತಿ ಕೋಟ್ ಪೇಂಟೂ ಅದಕ್ಕೆ ಬಡಿಸಿದ ಇನ್ನೊಂದು ಎಲೆ.

ಇಷ್ಟಾದ ಮೇಲೂ ಕೇಳುತ್ತಾರೆ, ‘ವಾಟರ್‌ಪ್ರೂಫ್ ಪೇಂಟ್ ಹೊರಗಿನಿಂದ ಹೊಡೆದರೆ?’ ಹೊರಗಿನ ಮಳೆ ತಡೆಯಬೇಕು, ಒಪ್ಪಿದೆ. ಆದರೆ ನೀರು ಕೆಳಗಿನಿಂದಲೂ ಏರುತ್ತದೆ. ಹಳೆಯ ಮನೆಗಳ ಅಡಿಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ಮೊದಲು ಅಂಗಳ ತಗ್ಗಿನಲ್ಲಿತ್ತು, ಈಗ ಇಂಟರ್‌ಲಾಕ್ ಹಾಸಿ ಅರ್ಧ ಅಡಿ ಏರಿಸಿದ್ದೀರಿ. ಮಾಡಿನ, ಅಂದರೆ ಛಾವಣಿಯ, ನೀರು ಅದಕ್ಕೆ ಬಡಿದು ಗೋಡೆಗೇ ಚಿಮ್ಮುತ್ತದೆ. ಒಳಗೆ ಕೆಂಪು ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸಿದ್ದೀರಿ, ನೆಲದಿಂದ ಹೋಗುತ್ತಿದ್ದ ತೇವವೂ ಗೋಡೆಯ ದಾರಿ ಹಿಡಿಯಿತು. ಹೀಗಿರುವಾಗ ಹೊರಗಿನ ಬಾಗಿಲನ್ನೂ ಮುಚ್ಚಿದರೆ ಆ ನೀರು ಒಳಗೇ ಬರಬೇಕು. ಚೌತಿಗೆ ಮೊದಲು ಪೇಂಟ್ ಮುಗಿಯಬೇಕೆಂದು ಹಟ ಹಿಡಿಯುವವರಿಗೆ ಕೈಮುಗಿದು ಹೇಳುತ್ತೇನೆ, ವರ್ಷದಲ್ಲಿ ಗೋಡೆ ಅತಿ ಒದ್ದೆ ಇರುವ ಹೊತ್ತು ಅದೇ. ಆಗ ಮಾತ್ರ ಬೇಡ.

ನಿಮ್ಮ ಗೋಡೆಯ ನೀರು ಎಲ್ಲಿಯದೆಂದು ನೀವೇ ನೋಡಬಹುದು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ. ಹಾಳೆಯ ಹಿಂದೆ ಹನಿಗಟ್ಟಿದರೆ ನೀರು ಗೋಡೆಯೊಳಗಿನದು. ಗೋಡೆಯ ಮೇಲೆ ಬೆಳ್ಳಗೆ ಹತ್ತಿಯಂತೆ ಇರುವುದೆಲ್ಲ ಬೂಷ್ಟಲ್ಲ, ಉಪ್ಪೂ ಇರಬಹುದು. ಒಂದು ಹನಿ ನೀರು ಹಾಕಿ, ಉಪ್ಪಾದರೆ ಕರಗುತ್ತದೆ.

ಬ್ಲೀಚಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಚ್ಚಲಿನ ಟೈಲ್ಸಿಗೆ ಅದು ಸರಿ. ತೂತುಳ್ಳ ಗೋಡೆಗೆ ಬಳಿದರೆ ಮೇಲಿನ ಕಪ್ಪು ಬಣ್ಣ ಮಾಯವಾಗುತ್ತದೆ, ನೀರು ಒಳಗಿಳಿಯುತ್ತದೆ, ಬೇರು ಹಾಗೇ ಉಳಿಯುತ್ತದೆ. ಸತ್ತ ಬೂಷ್ಟಿನಿಂದಲೂ ಉಬ್ಬಸ ಇರುವವರಿಗೆ ತೊಂದರೆಯಾಗುತ್ತದೆ, ಆದ್ದರಿಂದ ಕೊಂದರೆ ಸಾಲದು, ತೆಗೆಯಬೇಕು. ಬ್ಲೀಚಿನ ಜೊತೆ ಪಾಯಿಖಾನೆ ತೊಳೆಯುವ ಆ್ಯಸಿಡ್ಡನ್ನೋ ವಿನೆಗರನ್ನೋ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಜೀವಕ್ಕೆ ಅಪಾಯ. ದಯವಿಟ್ಟು ಮನೆಗೆಲಸದವರಿಗೂ ತಿಳಿಸಿ.

ಇನ್ನು ಕಂಪನಿಯವರನ್ನು ಕರೆಸುವ ಮಾತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯವರ ಅಂದಾಜು ನನಗೆ ಸರಿ ಕಾಣುತ್ತದೆ: ಬೂಷ್ಟು ಹಿಡಿದ ಜಾಗ 10 ಚದರ ಅಡಿಗಿಂತ, ಅಂದರೆ ಒಂದು ಬಾಗಿಲಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಮನೆಯವರೇ ತೆಗೆಯಬಹುದು. ಎನ್95 ಮಾಸ್ಕ್, ಕೈಗವಸು ಹಾಕಿ, ಸೋಪಿನ ನೀರಿನಲ್ಲಿ ಮೊದಲು ಒದ್ದೆ ಮಾಡಿ ಉಜ್ಜಿ, ಆಮೇಲೆ ಫ್ಯಾನ್ ಇಟ್ಟು ಒಣಗಿಸಿ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣ ಮನೆಯೆಲ್ಲ ಹರಡುತ್ತದೆ, ಸಾಧಾರಣ ವ್ಯಾಕ್ಯೂಮ್ ಇಟ್ಟರೂ ಅಷ್ಟೇ. ಬೂಷ್ಟಿನ ಜಾಗ 10 ಚದರ ಅಡಿಗಿಂತ ದೊಡ್ಡದಾದರೆ, ಅಥವಾ ಮನೆಯಲ್ಲಿ ಉಬ್ಬಸದವರು, ರೋಗನಿರೋಧಕ ಶಕ್ತಿ ಕುಂದಿದವರು ಇದ್ದರೆ, ಕೆಲಸ ಗೊತ್ತಿದ್ದವರನ್ನು ಕರೆಸಿ.

ಗೊತ್ತಿದ್ದವರು ಯಾರೆಂದು ತಿಳಿಯುವುದು ಹೇಗೆ? ಬಂದವರು ಮೊದಲು ಮಾಡು ನೋಡಬೇಕು, ಮಾಡಿನ ನೀರು ಹರಿಯುವ ದಂಬೆ ನೋಡಬೇಕು, ಮನೆಗೆ ಒಂದು ಸುತ್ತು ಬರಬೇಕು. ಬಂದ ಕೂಡಲೇ ಚದರ ಅಡಿಗೆ ಇಷ್ಟು ಎಂದು ರೇಟ್ ಹೇಳಿದರೆ ಕಳಿಸಿಬಿಡಿ. ತೇವ ಅಳೆಯುವ ಸೂಜಿ ಮೀಟರ್ ಗೋಡೆಗೆ ಚುಚ್ಚಿ ಕೆಂಪು ದೀಪ ತೋರಿಸಿದರೂ ಗಾಬರಿ ಬೇಡ. ಆ ಮೀಟರ್ ಮರಕ್ಕಾಗಿ ಮಾಡಿದ್ದು, ಉಪ್ಪು ತುಂಬಿದ ಗೋಡೆಯಲ್ಲಿ ಯಾವಾಗಲೂ ಹೆಚ್ಚೇ ತೋರಿಸುತ್ತದೆ. ಕೆಲಸ ಹಿಡಿದ ಮೇಲೆ ಆ ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬೇರೆ ಮಾಡಬೇಕು, ಒಳಗಿನ ಗಾಳಿಯನ್ನು ಫ್ಯಾನ್ ಇಟ್ಟು ಹೊರಕ್ಕೆ ಎಳೆಯಬೇಕು, ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ತರಬೇಕು. ನೆನೆದ ಪ್ಲೈವುಡ್, ಜಿಪ್ಸಮ್ ಹಲಗೆ ಉಳಿಸುವಂಥದ್ದಲ್ಲ, ಚೀಲದಲ್ಲಿ ಕಟ್ಟಿ ಹೊರಗೆ ಹಾಕಬೇಕು. ಹಳೆಯ ಹಲಸಿನ ಮರದ ಮುಚ್ಚಿಗೆ, ದಾರಂದ ಉಳಿಯುತ್ತದೆ, ಒರೆಸಿ ಒಣಗಿಸಿದರೆ ಸಾಕು. ಔಷಧಿ ಹೊಗೆ ಬಿಟ್ಟು ಅರ್ಧ ಗಂಟೆಯಲ್ಲಿ ಹೊರಟುಹೋಗುವವರು ಬೂಷ್ಟು ತೆಗೆಯುವುದಿಲ್ಲ. ಯಾವ ಜಾತಿಯ ಬೂಷ್ಟೆಂದು ಲ್ಯಾಬಿಗೆ ಕಳಿಸುವ ಖರ್ಚೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಈ ವಿಷಯದ ಮೇಲೆ ತಂದ ಮಾರ್ಗಸೂಚಿಯಲ್ಲೂ ಇಷ್ಟು ಬೂಷ್ಟಿದ್ದರೆ ಕ್ಷೇಮ ಎಂಬ ಅಂಕಿ ಇಲ್ಲ. ತೇವವನ್ನೇ ತಡೆಯಿರಿ ಎನ್ನುತ್ತದೆ ಅದು.

ನಿಮ್ಮ ಮನೆಗೆ ನಾನು ಹೇಳುವುದು ಇದು. ಈಗ ಒಡೆದ ಹಂಚು ಬದಲಿಸಿ, ದಂಬೆಯ ಕಸ ತೆಗೆಸಿ. ದೀಪಾವಳಿ ಕಳೆದ ಮೇಲೆ ಆ ಗೋಡೆಯ ಪೇಂಟ್, ಪುಟ್ಟಿ ಪೂರ್ತಿ ಕೆರೆಸಿ. ಬೂಷ್ಟಿನ ಜಾಗ ದೊಡ್ಡದಿದ್ದರೆ ಆ ಕೆರೆಯುವ ಕೆಲಸ ಮೇಲೆ ಹೇಳಿದ ರೀತಿಯಲ್ಲೇ ಆಗಲಿ. ಗೋಡೆಗೆ ತಾಗಿದ ಇಂಟರ್‌ಲಾಕ್ ಒಂದೂವರೆ ಅಡಿ ಅಗಲಕ್ಕೆ ತೆಗೆದು ಜಲ್ಲಿ ತುಂಬಿಸಿ. ಶಿವರಾತ್ರಿ ತನಕ ಗೋಡೆ ಬೆತ್ತಲೆ ಇರಲಿ, ನೆಂಟರು ಏನಾದರೂ ಅಂದುಕೊಳ್ಳಲಿ. ಆಮೇಲೆ ಸುಣ್ಣದ ಗಾರೆಯಲ್ಲಿ ತೇಪೆ, ಮೇಲೆ ಮೂರು ಕೈ ತೆಳು ಸುಣ್ಣ. ಕೈಗೆ ಹತ್ತುತ್ತದೆಂದು ಅದಕ್ಕೆ ಅಂಟು ಸುರಿಯಬೇಡಿ. ಕುಂದಾಪುರದ ಆ ಮನೆಯಲ್ಲಿ ಹೀಗೇ ಮಾಡಿದೆವು. ಈ ಮಳೆಗಾಲ ಅಂಗೈ ಅಗಲ ಬೂಷ್ಟು ಬಂದಿದೆ, ಗೋಡೆಗೆ ಒತ್ತಿ ಇಟ್ಟ ಕಪಾಟಿನ ಹಿಂದೆ. ಕಪಾಟನ್ನು ನಾಲ್ಕು ಇಂಚು ಮುಂದಕ್ಕೆ ಎಳೆಸಿದ್ದೇನೆ.

ಹಾಗಾದರೆ ಅಜ್ಜಿಯ ಕಾಲದಲ್ಲಿ ಇದೇ ಮನೆಗೆ ಬೂಷ್ಟು ಯಾಕೆ ಹಿಡಿಯುತ್ತಿರಲಿಲ್ಲ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಿಡಿಯುತ್ತಿತ್ತು, ದಿನಾ ಒರೆಸುವ ಕೈ ಇತ್ತು. ಪಡು ಬದಿಗೆ ಮಳೆಯ ಮೊದಲೇ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಗಾಳಿಮಳೆ ಗೋಡೆಗೆ ಹೊಡೆಯುತ್ತಲೇ ಇರಲಿಲ್ಲ. ಒಲೆ ಬೆಳಗಿನಿಂದ ರಾತ್ರಿ ತನಕ ಉರಿಯುತ್ತಿತ್ತು, ಬಚ್ಚಲ ಹಂಡೆಯ ಬೆಂಕಿ ಬೇರೆ. ಬಿಸಿಗಾಳಿ ಮೇಲೇರಿ ಹಂಚಿನ ಸಂದಿಯಿಂದ ಹೊರಗೆ ಹೋಗುವಾಗ ಮನೆಯ ತೇವವನ್ನೂ ಹೊತ್ತೊಯ್ಯುತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಇಟ್ಟು ಮಾಡತೊಡಗಿದ ಆ ಹಂಚು ನೀರು ತಡೆದೂ ಗಾಳಿ ಬಿಡುತ್ತದೆ. ನಾವು ಅದರ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆದು ಏಸಿ ಕೂರಿಸಿದೆವು. ಹೊರಗೆ 30 ಡಿಗ್ರಿ ಸೆಕೆ, ಶೇಕಡಾ 85 ತೇವ ಇದ್ದರೆ 27 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮೇಲೂ ನೀರು ಕೂರುತ್ತದೆ. ಏಸಿ ಕೋಣೆಯ ಗೋಡೆಯ ಆಚೆ ಬದಿ ಬೂಷ್ಟು ಬರುವುದು ಹೀಗೆ.

ಈಗ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಮಕ್ಕಳು ಬೆಂಗಳೂರು, ಮುಂಬಯಿ, ದುಬೈಯಲ್ಲಿ. ಅವರಿಗೊಂದು ಮಾತು: ವಾರಕ್ಕೊಮ್ಮೆ ಯಾರಾದರೂ ಬಂದು ಕಿಟಕಿ ತೆರೆದರೆ ಸಾಕೆಂದು ತಿಳಿಯಬೇಡಿ. ಸುರಿಯುವ ಮಳೆಯಲ್ಲಿ ತೆರೆದ ಕಿಟಕಿ ಮನೆಯನ್ನು ಒಣಗಿಸುವುದಿಲ್ಲ, ಹೊರಗಿನ ತೇವ ಒಳಗೆ ಬರುತ್ತದೆ ಅಷ್ಟೆ. ಕೆಲವು ನೂರು ರೂಪಾಯಿಗೆ ತೇವಮಾಪಕ ಸಿಗುತ್ತದೆ, ಚಾವಡಿಯಲ್ಲೊಂದು, ಜಗಲಿಯಲ್ಲೊಂದು ನೇತು ಹಾಕಿ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸೆಕೆ ಇದ್ದು ಜಗಲಿಯ ಅಂಕಿ ಕಡಿಮೆಯಾದಾಗ ಮಾತ್ರ ಕಿಟಕಿ ತೆಗೆಯುವುದು, ಅಂದರೆ ಮಳೆ ಬಿಟ್ಟು ಬಿಸಿಲು ಕಂಡ ಮಧ್ಯಾಹ್ನ. ಉಳಿದ ಹೊತ್ತು ಮುಚ್ಚಿಯೇ ಇರಲಿ. ಡಿಹ್ಯೂಮಿಡಿಫೈಯರ್ ಇಡುವುದಾದರೆ ನೀರಿನ ಪೈಪನ್ನು ಬಚ್ಚಲಿಗೆ ಬಿಡಿ, ಡಬ್ಬಿ ತುಂಬಿ ಅದು ನಿಂತುಹೋದರೆ ನೋಡುವವರಿಲ್ಲ. ಕಪಾಟಿನಲ್ಲಿ ನುಸಿಗುಳಿಗೆ ಇಟ್ಟರೆ ಹುಳಕ್ಕಾಯಿತು, ಬೂಷ್ಟಿಗಲ್ಲ. ಅಮ್ಮನ ರೇಷ್ಮೆ ಸೀರೆ, ಹಳೆಯ ಫೋಟೊ, ಜಾಗದ ದಾಖಲೆ ನಿಮ್ಮ ಜೊತೆ ಒಯ್ಯಿರಿ. ಹಾಸಿಗೆ ಮಡಚಿ ಗೋಡೆಗೆ ಒರಗಿಸದೆ ಮಂಚದ ನಡುವೆ ಇಡಿ, ಕಪಾಟಿನ ಬಾಗಿಲು ತೆರೆದೇ ಇರಲಿ, ಒಳಕೋಣೆಗಳಿಗೆ ಚಿಲಕ ಹಾಕಬೇಡಿ. ಕೀಲಿ ಇಟ್ಟುಕೊಂಡ ನೆರೆಮನೆಯವರಿಗೆ ಇಷ್ಟು ಹೇಳಿ: ಬಂದಾಗ ಫ್ಯಾನ್ ಹಾಕಿ ಅರ್ಧ ಗಂಟೆ ಕೂತಿರಿ, ಹೋಗುವ ಮೊದಲು ಪಡು ಗೋಡೆಯ ಬುಡಕ್ಕೆ ಒಮ್ಮೆ ಅಂಗೈ ಇಟ್ಟು ನೋಡಿ.