ಉಂಗುರ ಗೆರೆಯಾದಾಗ ಚಂದ್ರರನ್ನು ಹುಡುಕಿ

2025ರಲ್ಲಿ ಶನಿಗ್ರಹ ನೋಡಲು ಟೆಲಿಸ್ಕೋಪಿಗೆ ಕಣ್ಣಿಟ್ಟವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದರು: "ಉಂಗುರ ಎಲ್ಲಿ ಸರ್, ಬರೀ ಗೆರೆ ಕಾಣ್ತಿದೆಯಲ್ಲ?" ನಿರಾಸೆ ಸಹಜವೇ. ಆದರೂ ನನ್ನ ಅಭಿಪ್ರಾಯ ಬೇರೆ. ಉಂಗುರ ಅಗಲವಾಗಿ ತೆರೆದ ವರ್ಷಗಳು ಫೋಟೊಗೆ ಚೆನ್ನ, ಗೆರೆಯಾದ ವರ್ಷಗಳು ಚಂದ್ರರನ್ನು ಹುಡುಕುವವರಿಗೆ ಚೆನ್ನ.

ಶನಿಯ ಅಕ್ಷ ಸುಮಾರು 27 ಡಿಗ್ರಿ ವಾಲಿದೆ. ಸೂರ್ಯನ ಸುತ್ತ ಒಂದು ಸುತ್ತು ಮುಗಿಸಲು ಅದಕ್ಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹಾಗಾಗಿ ಹದಿನೈದು ವರ್ಷಕ್ಕೊಮ್ಮೆ ಎಂಬಂತೆ ಉಂಗುರಗಳ ಅಂಚಷ್ಟೇ ನಮ್ಮತ್ತ ತಿರುಗುತ್ತದೆ. ಮುಖ್ಯ ಉಂಗುರಗಳ ವ್ಯಾಸ 2,70,000 ಕಿ.ಮೀ. ದಾಟಿದರೂ ದಪ್ಪ ಹೆಚ್ಚಿನ ಕಡೆ ಕೆಲವೇ ಹತ್ತು ಮೀಟರ್. ಅಂಚು ಎದುರಾದಾಗ ಸಣ್ಣ ಟೆಲಿಸ್ಕೋಪಿಗೆ ಅದು ಮಾಯ. 1610ರಲ್ಲಿ ಶನಿಯ ಎರಡೂ ಪಕ್ಕ 'ಜೊತೆಗಾರ'ರನ್ನು ಕಂಡಿದ್ದ ಗೆಲಿಲಿಯೊ, 1612ರಲ್ಲಿ ಅವರು ಕಾಣದಾದಾಗ ತಬ್ಬಿಬ್ಬಾಗಿದ್ದ. ಅದು ಉಂಗುರವೆಂದು ಡಚ್ ವಿಜ್ಞಾನಿ ಹೈಗೆನ್ಸ್ ವಿವರಿಸಿದ್ದು 1659ರಲ್ಲಿ.

ಈಗ ಚಂದ್ರರು ಸಿಕ್ಕ ವರ್ಷಗಳನ್ನು ನೋಡಿ. ಟೈಟನ್ 1655, ಟೆಥಿಸ್ ಮತ್ತು ಡಯೋನಿ 1684, ಎನ್ಸೆಲಾಡಸ್ ಮತ್ತು ಮಿಮಾಸ್ 1789, ಹೈಪೀರಿಯನ್ 1848, ಜೇನಸ್ 1966. ಎಲ್ಲವೂ ಉಂಗುರ ತೆಳುವಾದ ಕಾಲದ ಆಸುಪಾಸಿನಲ್ಲೇ. ಖಗೋಳಜ್ಞ ಹರ್ಷೆಲ್ ಆಗಷ್ಟೇ ಕಟ್ಟಿ ಮುಗಿಸಿದ್ದ ನಲವತ್ತು ಅಡಿ ಉದ್ದದ ದೈತ್ಯ ಟೆಲಿಸ್ಕೋಪಿಗೆ 1789ರ ಹೊಗಳಿಕೆಯೆಲ್ಲ ಸಲ್ಲುತ್ತದೆ. ಅರ್ಧ ಪಾಲು ಉಂಗುರದ ಕೋನಕ್ಕೂ ಸಲ್ಲಬೇಕು.

ಕಾರಣ ಉಂಗುರದ ಬೆಳಕಿನ ಅಬ್ಬರ, ಮಂಕು ಚಂದ್ರರು ಅದರಲ್ಲಿ ಮುಳುಗಿಹೋಗುತ್ತಾರೆ. ಉಂಗುರಗಳಲ್ಲಿರುವುದು ಬಹುಪಾಲು ನೀರಿನ ಮಂಜುಗಡ್ಡೆ. ಶನಿ ಸೂರ್ಯನಿಗೆ ನೇರ ಎದುರು ಬಂದ ದಿನಗಳಲ್ಲಂತೂ ಅವು ಇನ್ನಷ್ಟು ಬೆಳಗುತ್ತವೆ, ಕಣಗಳ ನೆರಳು ಕಣಗಳ ಹಿಂದೆಯೇ ಅಡಗುವುದು ಅದಕ್ಕೊಂದು ಕಾರಣ. ಮಿಮಾಸಿನ ಕಾಂತಿಮಾನ ಸುಮಾರು 12.9. ಈ ಲೆಕ್ಕದಲ್ಲಿ ಸಂಖ್ಯೆ ಏರಿದಷ್ಟೂ ವಸ್ತು ಮಂಕು. ಕತ್ತಲ ಆಕಾಶದಲ್ಲಿ ಎಂಟು ಇಂಚು ಬಾಯಗಲದ ಟೆಲಿಸ್ಕೋಪು ಅಷ್ಟೇ ಮಂಕಾದ ನಕ್ಷತ್ರವನ್ನು ತೋರಿಸಬಲ್ಲದು, ಮಿಮಾಸನ್ನು ಮಾತ್ರ ತೋರಿಸಲು ಒದ್ದಾಡುತ್ತದೆ. ಅದು ಎಷ್ಟೇ ದೂರ ಸರಿದರೂ ಉಂಗುರದ ಹೊರ ಅಂಚಿನಿಂದ ಸುಮಾರು 50,000 ಕಿ.ಮೀ. ದೂರದಲ್ಲೇ ಇರುತ್ತದೆ, ಅಂದರೆ ನಮ್ಮ ಕಣ್ಣಿಗೆ ಎಂಟು ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡು).

ಇದಕ್ಕೊಂದು ಹಳೆಯ ಉಪಾಯವಿದೆ. ಸಾದಾ ಪ್ಲಾಸಲ್ ಮಾದರಿಯ ಐಪೀಸನ್ನು (ಟೆಲಿಸ್ಕೋಪಿನಲ್ಲಿ ನಾವು ಕಣ್ಣಿಡುವ ಮಸೂರದ ಕೊಳವೆ) ತಿರುವಿ ಹಿಡಿದರೆ ಕೊಳವೆಯೊಳಗೆ, ನೋಟದ ಅಂಚನ್ನು ಕತ್ತರಿಸುವ ಲೋಹದ ಬಳೆ ಕಾಣುತ್ತದೆ. ಅಲ್ಯೂಮಿನಿಯಂ ಹಾಳೆಯಿಂದ ಸಣ್ಣ ಪಟ್ಟಿ ಕತ್ತರಿಸಿ ಆ ಬಳೆಗೆ ಅಡ್ಡಲಾಗಿ ಅಂಟಿಸಿ. ಗಾಜಿಗೆ ತಾಗಬಾರದು. ಸರಿಯಾದ ಜಾಗದಲ್ಲಿ ಕೂತರೆ ಪಟ್ಟಿಯ ಅಂಚು ಚೂಪಾಗಿ ಕಾಣುತ್ತದೆ, ಮಸುಕಾದರೆ ಸ್ವಲ್ಪ ಹಿಂದೆ ಮುಂದೆ ಸರಿಸಿ. ಶನಿಯನ್ನು ಪಟ್ಟಿಯ ಹಿಂದೆ ತಳ್ಳಿ, ಇನ್ನೂರರ ಆಸುಪಾಸು ವರ್ಧನೆ ಇಟ್ಟುಕೊಂಡು, ನೇರ ನೋಡದೆ ಓರೆಗಣ್ಣಲ್ಲಿ ಕಾಯಬೇಕು. ಗಾಳಿ ನಿಂತ ಕ್ಷಣಗಳಲ್ಲಿ ಎನ್ಸೆಲಾಡಸ್ ಸೂಜಿಮೊನೆಯಾಗಿ ಹೊರಬೀಳುತ್ತದೆ. ಬರೀ 500 ಕಿ.ಮೀ. ವ್ಯಾಸದ ಆ ಚಂದ್ರ ಇಷ್ಟಾದರೂ ಕಾಣುವುದು ಅದರ ಬಿಳುಪಿನಿಂದ. ದಕ್ಷಿಣ ಧ್ರುವದ ಬಿರುಕುಗಳಿಂದ ಚಿಮ್ಮುವ ಹಿಮದ ಕಣಗಳು ಅದರ ಮೇಲೆಯೇ ಉದುರುತ್ತಿರುತ್ತವೆ. ಈ ಚಿಲುಮೆಗಳನ್ನು 2005ರಲ್ಲಿ ಕಂಡಿದ್ದು ಕ್ಯಾಸಿನಿ ನೌಕೆ, ನಮ್ಮ ಐಪೀಸಿಗೆ ಅವು ದಕ್ಕುವುದಿಲ್ಲ.

ಟೈಟನ್‌ಗೆ ಇಷ್ಟೆಲ್ಲ ಸರ್ಕಸ್ ಬೇಡ, ಚಿಕ್ಕ ಟೆಲಿಸ್ಕೋಪಿನಲ್ಲೂ ಕಾಣುತ್ತದೆ. ರಿಯಾ, ಟೆಥಿಸ್, ಡಯೋನಿಗೆ ನಾಲ್ಕರಿಂದ ಆರು ಇಂಚು ಸಾಕು.

ಉಂಗುರ ಹೇಗೇ ಇರಲಿ, ಯಾವ ವರ್ಷವಾದರೂ ನೋಡಬಹುದಾದದ್ದು ಅಯಾಪಿಟಸ್, ನನ್ನ ಅಚ್ಚುಮೆಚ್ಚಿನದು. ಅದು ಶನಿಯಿಂದ ಬಹಳ ದೂರ ಓಡಾಡುವುದರಿಂದ ಅಬ್ಬರದ ಕಾಟವಿಲ್ಲ. 1671ರಲ್ಲಿ ಕಂಡುಹಿಡಿದ ಖಗೋಳಜ್ಞ ಕ್ಯಾಸಿನಿಗೆ ಅದು ಶನಿಯ ಪಶ್ಚಿಮಕ್ಕಿದ್ದಾಗ ಮಾತ್ರ ಕಾಣುತ್ತಿತ್ತು. ಒಂದು ಮಗ್ಗುಲು ಕಪ್ಪಗಿರಬೇಕು, ಅದು ಸದಾ ಶನಿಗೆ ಒಂದೇ ಮುಖ ತೋರಿಸುತ್ತಿರಬೇಕು ಎಂದು ಆತ ಊಹಿಸಿದ. ಊಹೆ ನಿಜವಾಯಿತು. ಪೂರ್ವದಲ್ಲಿ ಅದನ್ನು ಹಿಡಿಯಲು 1705ರವರೆಗೆ ಕಾಯಬೇಕಾಯಿತು. ಹೊರಗಿನ ಫೀಬೆ ಚಂದ್ರನಿಂದ ಬಂದ ಕಪ್ಪು ಧೂಳು ಅಯಾಪಿಟಸ್ ಚಲಿಸುವ ದಿಕ್ಕಿನ ಮುಖಕ್ಕೆ ಮೆತ್ತಿಕೊಂಡದ್ದು ಈ ಕಪ್ಪಿನ ಮೂಲ ಎಂಬುದು ಇಂದಿನ ವಿವರಣೆ. ಸುತ್ತು 79 ದಿನದ್ದು. ಪಶ್ಚಿಮ ತುದಿಯಲ್ಲಿ ಸುಮಾರು 10ರ ಕಾಂತಿಮಾನವಿದ್ದಾಗ ಪಕ್ಕದ ನಕ್ಷತ್ರಗಳ ಜೊತೆ ಚಿತ್ರ ಬರೆದಿಟ್ಟುಕೊಳ್ಳಿ. ನಲವತ್ತು ದಿನ ಬಿಟ್ಟು ಪೂರ್ವದಲ್ಲಿ ಹುಡುಕುವಾಗ ಅದು 12ರ ಹತ್ತಿರ ಇಳಿದಿರುತ್ತದೆ, ಆರು ಇಂಚಿಗಿಂತ ಚಿಕ್ಕ ಟೆಲಿಸ್ಕೋಪಾದರೆ ಒಳ್ಳೆಯ ಕತ್ತಲೆಯ ರಾತ್ರಿಯನ್ನೇ ಆರಿಸಿಕೊಳ್ಳಿ.